ರೋಗಿಯನ್ನು ಮನೆಗೆ ಕಳಿಸುವ ಮಾತು: ಅದನ್ನು ಕಲಿಸುವ ವಿಧಾನಗಳನ್ನು ಹೋಲಿಸಿ ನೋಡುವುದು ಹೇಗೆ?

‘ಎಲ್ಲಾ ಗೊತ್ತಾಯ್ತಾ ಅಮ್ಮಾ?’ ಎಂದು ವಿದ್ಯಾರ್ಥಿನಿ ಕೇಳುತ್ತಾಳೆ. ‘ಹೂಂ, ಗೊತ್ತಾಯ್ತು’ ಎನ್ನುತ್ತಾರೆ ರೋಗಿ. ಫೈಲಿನಲ್ಲಿ ‘ಆರೋಗ್ಯ ಶಿಕ್ಷಣ ನೀಡಲಾಗಿದೆ’ ಎಂದು ಬರೆದು ಸಹಿ ಹಾಕಿದರೆ ಕೆಲಸ ಮುಗಿಯಿತು. ರೋಗಿ ಮನೆಗೆ ಹೋಗುತ್ತಾರೆ.

ನಾನು ನರ್ಸಿಂಗ್ ಕಲಿಸುವವಳು. ಒಮ್ಮೆ ಹೀಗೇ ಮಾತು ಮುಗಿದ ಮೇಲೆ ರೋಗಿಯ ಪಕ್ಕ ಕೂತು ‘ಈ ನೀರಿನ ಮಾತ್ರೆ ಮನೆಯಲ್ಲಿ ಯಾವಾಗ ತಗೋತೀರಿ?’ ಎಂದು ಸುಮ್ನೆ ಕೇಳಿದೆ. ‘ಕಾಲು ಊದಿದಾಗ’ ಎಂದರು. ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಅದು. ಚೀಟಿಯಲ್ಲಿ ದಿನಾ ಬೆಳಿಗ್ಗೆ ಎಂದಿತ್ತು. ವಿದ್ಯಾರ್ಥಿನಿ ಹಾಗೆಯೇ ಹೇಳಿದ್ದಳು, ನಾನೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಅವಳ ಚೆಕ್‌ಲಿಸ್ಟಿಗೆ ಪೂರ್ತಿ ಅಂಕ ಕೊಟ್ಟವಳೂ ನಾನೇ.

ಅವತ್ತಿನಿಂದ ನಾನು ನೋಡುವ ಜಾಗ ಬದಲಾಯಿತು. ಲೆಕ್ಚರ್ ಒಳ್ಳೆಯದೋ, ರೋಲ್ ಪ್ಲೇ (ಪಾತ್ರ ಹಾಕಿ ಅಭ್ಯಾಸ) ಒಳ್ಳೆಯದೋ, ಸಿಮ್ಯುಲೇಷನ್ (ನಿಜದಂತೆಯೇ ಸನ್ನಿವೇಶ ಕಟ್ಟಿ ಅಭ್ಯಾಸ) ಒಳ್ಳೆಯದೋ ಎಂದು ಹೋಲಿಸುವಾಗ ವಿದ್ಯಾರ್ಥಿ ಎಷ್ಟು ಚೆನ್ನಾಗಿ ಹೇಳಿದಳು ಎಂಬುದೊಂದನ್ನೇ ಅಳೆದರೆ ಸಾಲದು. ಕೇಳಿಸಿಕೊಂಡವರು ಆಮೇಲೆ ಏನು ಹೇಳಬಲ್ಲರು, ಏನು ಮಾಡಬಲ್ಲರು ಎಂದು ಅಳೆಯಬೇಕು. ನಿಮ್ಮ ಕಾಲೇಜಿನಲ್ಲೂ ಇಂಥ ಹೋಲಿಕೆ ಮಾಡಬೇಕೆಂದಿದ್ದರೆ, ಅದನ್ನು ಹೆಜ್ಜೆ ಹೆಜ್ಜೆಯಾಗಿ ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಒಂದೇ ಒಂದು ಪ್ರಸಂಗ ಆರಿಸಿ

ಡಿಸ್ಚಾರ್ಜ್ ವೇಳೆ ಹೇಳಬೇಕಾದ್ದು ಬಹಳ. ಔಷಧಿ, ಗಾಯದ ಆರೈಕೆ, ಊಟ, ಓಡಾಟ, ಮತ್ತೆ ಬಂದು ತೋರಿಸಬೇಕಾದ ದಿನ, ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು ಎಂಬ ಎಚ್ಚರಿಕೆ. ಎಲ್ಲವನ್ನೂ ಒಂದೇ ಸಲ ಹೋಲಿಕೆಗೆ ತಂದರೆ ಯಾವುದೂ ಕೈಗೆ ಸಿಗುವುದಿಲ್ಲ. ಒಂದು ಕಾಯಿಲೆ, ಒಬ್ಬ ರೋಗಿ, ನಾಲ್ಕೈದು ಮುಖ್ಯ ಸಂದೇಶ. ಅಷ್ಟು ಸಾಕು.

ನಾನು ಸಾಮಾನ್ಯವಾಗಿ ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಕುಂದಿ ಮೈಯಲ್ಲಿ ನೀರು ತುಂಬುವ ಕಾಯಿಲೆ) ಆರಿಸುತ್ತೇನೆ. ಅದರಲ್ಲಿ ನೆನಪಿಡಬೇಕಾದ್ದೂ ಇದೆ, ಕೈಯಾರೆ ಮಾಡಬೇಕಾದ್ದೂ ಇದೆ, ಸ್ವತಃ ನಿರ್ಧರಿಸಬೇಕಾದ್ದೂ ಇದೆ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ಮೂರು ದಿನದೊಳಗೆ ತೂಕ 2 ಕಿಲೋಗಿಂತ ಜಾಸ್ತಿ ಏರಿದರೆ ಫೋನ್ ಮಾಡಬೇಕು. ಆರಾಮಾಗಿದ್ದೇನೆ ಎಂದು ನೀರಿನ ಮಾತ್ರೆ ಬಿಡಬಾರದು. ಉಪ್ಪು ಕಡಿಮೆ ಮಾಡಬೇಕು. ಮಲಗಿದಾಗ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ತೂಕದ ಮಿತಿ ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಬೇರೆ ಇದ್ದರೆ ಅದನ್ನೇ ಬಳಸಿ. ಕಾಲೇಜಿನಲ್ಲಿ ಒಂದು ಅಂಕಿ, ವಾರ್ಡಿನಲ್ಲಿ ಇನ್ನೊಂದು ಅಂಕಿ ಆಗಬಾರದು.

ಕೈಚಳಕ ಮುಖ್ಯ ಎನಿಸಿದರೆ ಇನ್‌ಹೇಲರ್ ಕೂಡ ಒಳ್ಳೆಯ ವಿಷಯ. ಅಲ್ಲಾಡಿಸುವುದು, ಪೂರ್ತಿ ಉಸಿರು ಬಿಡುವುದು, ನಿಧಾನವಾಗಿ ಎಳೆದುಕೊಳ್ಳುತ್ತಾ ಒತ್ತುವುದು, 10 ಸೆಕೆಂಡ್ ಹಿಡಿದಿಡುವುದು. ರೋಗಿ ಮಾಡಿ ತೋರಿಸಿದರೆ ತಪ್ಪು ಎಲ್ಲಿದೆ ಎಂದು ತಕ್ಷಣ ಕಾಣುತ್ತದೆ.

ಹೆಜ್ಜೆ 2: ವಿದ್ಯಾರ್ಥಿ ಕಲಿಯಬೇಕಾದ ಕೆಲಸಗಳನ್ನು ಬರೆದಿಡಿ

ಸಂದೇಶ ಬೇರೆ, ಅದನ್ನು ತಲುಪಿಸುವ ಕೌಶಲ ಬೇರೆ. ಹಾರ್ಟ್ ಫೇಲ್ಯೂರ್ ಬಗ್ಗೆ ಎಲ್ಲಾ ಗೊತ್ತಿರುವ ವಿದ್ಯಾರ್ಥಿಯೂ ರೋಗಿಯ ಎದುರು ಪುಸ್ತಕದ ಭಾಷೆ ಮಾತಾಡಬಹುದು. ಆದ್ದರಿಂದ ಕಣ್ಣಿಗೆ ಕಾಣುವಂಥ ಕೆಲಸಗಳನ್ನೇ ಪಟ್ಟಿ ಮಾಡಿ. ಶುರುವಿನಲ್ಲೇ ‘ನಿಮಗೆ ಈಗಾಗಲೇ ಏನು ಗೊತ್ತು?’ ಎಂದು ಕೇಳಿದಳೇ? ಮನೆಯಲ್ಲಿ ಮಾತ್ರೆ ಕೊಡುವವರು ಯಾರು ಎಂದು ಕೇಳಿ ಅವರನ್ನೂ ಕೂರಿಸಿಕೊಂಡಳೇ? ಒಂದು ಸಂದೇಶ ಮುಗಿಸಿ, ತಿಳಿಯಿತೇ ಎಂದು ನೋಡಿಕೊಂಡ ಮೇಲೆ ಇನ್ನೊಂದಕ್ಕೆ ಹೋದಳೇ? ‘ಡೈಯುರೆಟಿಕ್’, ‘ಎಡಿಮಾ’ ಬದಲು ನೀರಿನ ಮಾತ್ರೆ, ಊತ ಎಂದಳೇ? ಕೊನೆಯಲ್ಲಿ ಟೀಚ್-ಬ್ಯಾಕ್ ಮಾಡಿಸಿದಳೇ?

ಟೀಚ್-ಬ್ಯಾಕ್ ಬಗ್ಗೆ ಎರಡು ಮಾತು. ಹೇಳಿದ್ದನ್ನು ರೋಗಿ ತಮ್ಮದೇ ಮಾತಿನಲ್ಲಿ ತಿರುಗಿ ಹೇಳುವಂತೆ ಕೇಳುವುದೇ ಟೀಚ್-ಬ್ಯಾಕ್. ಕೇಳುವ ಧಾಟಿ ಪರೀಕ್ಷೆಯಂತೆ ಇರಬಾರದು. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಿಕೊಳ್ಳಬೇಕು. ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೋತೀರಿ, ಒಂದ್ಸಲ ಹೇಳ್ತೀರಾ?’ ಎಂದರೆ ಹೊಣೆ ಹೇಳಿದವರ ಮೇಲೆ ಇರುತ್ತದೆ. ರೋಗಿಗೆ ಮುಜುಗರವಾಗುವುದಿಲ್ಲ. ತಪ್ಪಿದ್ದರೆ ಬೇರೆ ರೀತಿಯಲ್ಲಿ ಹೇಳಿ, ಮತ್ತೆ ಕೇಳಬೇಕು. ಈ ಎರಡನೇ ಸಲದ ಕೇಳುವಿಕೆಯನ್ನೇ ಬಹಳ ವಿದ್ಯಾರ್ಥಿಗಳು ಬಿಟ್ಟುಬಿಡುತ್ತಾರೆ.

ಇದೆಲ್ಲಾ ಇಷ್ಟು ಮುಖ್ಯವೇ ಎಂದು ಯಾರಾದರೂ ಕೇಳಿದರೆ ಎರಡು ಅಂಕಿ ಹೇಳಿ. ರೋಗಿಗಳ ನೆನಪಿನ ಬಗ್ಗೆ ರಾಯ್ ಕೆಸೆಲ್ಸ್ 2003ರಲ್ಲಿ ಬರೆದ ವಿಮರ್ಶೆಯ ಪ್ರಕಾರ, ಹೇಳಿದ ವೈದ್ಯಕೀಯ ಮಾಹಿತಿಯಲ್ಲಿ ಶೇ. 40ರಿಂದ 80ರಷ್ಟು ತಕ್ಷಣವೇ ಮರೆತುಹೋಗುತ್ತದೆ. ನೆನಪಿದೆ ಎಂದುಕೊಂಡದ್ದರಲ್ಲೂ ಅರ್ಧದ ಹತ್ತಿರ ತಪ್ಪಾಗಿ ನೆನಪಿರುತ್ತದೆ. ಅದೇ ವರ್ಷ ಡೀನ್ ಶಿಲಿಂಜರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಡಯಾಬಿಟಿಸ್ ರೋಗಿಗಳ ಜೊತೆ ವೈದ್ಯರ ಮಾತುಕತೆಯನ್ನು ರೆಕಾರ್ಡ್ ಮಾಡಿ ನೋಡಿದರು. ಹೊಸದಾಗಿ ಹೇಳಿದ ವಿಷಯಗಳಲ್ಲಿ ಶೇ. 12ರಷ್ಟನ್ನು ಮಾತ್ರ ರೋಗಿಗೆ ತಿಳಿಯಿತೇ ಎಂದು ಪರೀಕ್ಷಿಸಿದ್ದರು. ಅನುಭವಿ ವೈದ್ಯರದೇ ಹೀಗಾದರೆ, ಯಾರೂ ಕಲಿಸದೆ ವಿದ್ಯಾರ್ಥಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು?

ಹೆಜ್ಜೆ 3: ಹೋಲಿಸಬೇಕಾದ ವಿಧಾನಗಳನ್ನು ತೂಗಿ ನೋಡಿ

ಮೊದಲೇ ಒಂದು ಎಚ್ಚರಿಕೆ. ಟೀಚ್-ಬ್ಯಾಕ್ ಅನ್ನು ಈ ಪಟ್ಟಿಗೆ ಸೇರಿಸಬೇಡಿ. ‘ಲೆಕ್ಚರ್ ಮತ್ತು ಟೀಚ್-ಬ್ಯಾಕ್ ಹೋಲಿಕೆ’ ಎಂಬ ಶೀರ್ಷಿಕೆಯ ವಿದ್ಯಾರ್ಥಿ ಪ್ರಾಜೆಕ್ಟುಗಳು ನನ್ನ ಮೇಜಿಗೆ ಬಂದಿವೆ. ಟೀಚ್-ಬ್ಯಾಕ್ ವಿದ್ಯಾರ್ಥಿ ಕಲಿಯಬೇಕಾದ ಕೌಶಲ. ಅದನ್ನು ಲೆಕ್ಚರಿನಲ್ಲೂ ಕಲಿಸಬಹುದು, ರೋಲ್ ಪ್ಲೇಯಲ್ಲೂ ಕಲಿಸಬಹುದು. ಯಾವುದರಿಂದ ಚೆನ್ನಾಗಿ ಬರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಲೆಕ್ಚರ್ ಬಗ್ಗೆ ಈಗ ಎಲ್ಲರಿಗೂ ಸಸಾರ. ನನಗೆ ಹಾಗನಿಸುವುದಿಲ್ಲ. ನೀರಿನ ಮಾತ್ರೆ ಏಕೆ ಬಿಡಬಾರದು ಎಂಬ ಕಾರಣ ವಿದ್ಯಾರ್ಥಿಗೇ ಗೊತ್ತಿಲ್ಲದಿದ್ದರೆ ರೋಗಿಗೆ ಏನು ಹೇಳುತ್ತಾಳೆ? ಆ ಕಾರಣವನ್ನು 20 ನಿಮಿಷದಲ್ಲಿ ಇಡೀ ತರಗತಿಗೆ ಕೊಡಲು ಲೆಕ್ಚರಿನಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಆದರೆ ಲೆಕ್ಚರ್ ಕೇಳಿ ಮಾತಾಡಲು ಬರುವುದಿಲ್ಲ, ಅಷ್ಟೇ. ವಿಡಿಯೋ ಕೂಡ ಹೀಗೆಯೇ. ಒಳ್ಳೆಯ ಮಾತುಕತೆ ಹೇಗಿರುತ್ತದೆ ಎಂದು ತೋರಿಸುತ್ತದೆ. ಕೆಟ್ಟ ಮಾತುಕತೆಯ ವಿಡಿಯೋ ತೋರಿಸಿ ‘ಎಲ್ಲಿ ತಪ್ಪಾಯಿತು?’ ಎಂದು ಕೇಳಿದರೆ ಇನ್ನೂ ಜಾಸ್ತಿ ಕೆಲಸ ಮಾಡುತ್ತದೆ.

ರೋಲ್ ಪ್ಲೇ ನನಗೆ ಅಚ್ಚುಮೆಚ್ಚು. ಮೂವರ ಗುಂಪು ಮಾಡಿ: ಒಬ್ಬರು ನರ್ಸ್, ಒಬ್ಬರು ರೋಗಿ, ಒಬ್ಬರು ಚೆಕ್‌ಲಿಸ್ಟ್ ಹಿಡಿದು ನೋಡುವವರು. ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲಾಗಲಿ. ಇದರಲ್ಲಿ ಒಂದು ದೊಡ್ಡ ತೊಂದರೆ ಇದೆ. ರೋಗಿ ಆದ ಗೆಳತಿಗೂ ಉತ್ತರ ಗೊತ್ತು, ಹಾಗಾಗಿ ಏನು ಹೇಳಿದರೂ ತಲೆಯಾಡಿಸುತ್ತಾಳೆ. ಅದಕ್ಕೆ ಮದ್ದು ಪಾತ್ರದ ಕಾರ್ಡ್. ನಾನು ಬರೆಯುವ ಕಾರ್ಡುಗಳು ಹೀಗಿರುತ್ತವೆ: ‘ನಿಮಗೆ ಸರಿಯಾಗಿ ಓದಲು ಬರುವುದಿಲ್ಲ. ಚೀಟಿ ಕೊಟ್ಟರೆ ಕನ್ನಡಕ ತಂದಿಲ್ಲ, ಮನೆಯಲ್ಲಿ ಓದುತ್ತೇನೆ ಎನ್ನಿ.’ ‘ನಿಮ್ಮ ಮಾತ್ರೆ ನೋಡಿಕೊಳ್ಳುವುದು ಮಗಳು. ನರ್ಸ್ ಕೇಳಿದರೆ ಮಾತ್ರ ಹೇಳಿ.’ ‘ಊತ ಇಳಿದರೆ ಮಾತ್ರೆ ಬೇಡ ಎಂದು ನಂಬಿದ್ದೀರಿ. ಗೊತ್ತಾಯ್ತಾ ಎಂದು ಕೇಳಿದರೆ ಹೂಂ ಎನ್ನಿ. ನಿಮ್ಮ ಮಾತಲ್ಲಿ ಹೇಳಿ ಎಂದರೆ ಮಾತ್ರ ಈ ನಂಬಿಕೆ ಹೊರಬರಲಿ.’ ಈ ಮೂರನೇ ಕಾರ್ಡ್ ಎಲ್ಲಿಂದ ಬಂತು ಎಂದು ನಿಮಗೆ ಗೊತ್ತಾಗಿರಬೇಕು.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ರೋಗಿಯಾಗಿ ನಟಿಸಲು ತರಬೇತಿ ಪಡೆದವರ ಜೊತೆ ಅಭ್ಯಾಸ. ಸ್ಟ್ಯಾಂಡರ್ಡೈಸ್ಡ್ ಪೇಷಂಟ್ ಎನ್ನುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರಲ್ಲಿ ಇದನ್ನು ಶುರು ಮಾಡಿದರು. ಎಲ್ಲಾ ವಿದ್ಯಾರ್ಥಿಗಳ ಎದುರೂ ಅದೇ ರೋಗಿ, ಅದೇ ಸಂಕಟ, ಅದೇ ತಪ್ಪು ನಂಬಿಕೆ. ಅಪರಿಚಿತ ಮುಖ ಎದುರಿದ್ದಾಗ ವಿದ್ಯಾರ್ಥಿ ಗಂಭೀರವಾಗುತ್ತಾಳೆ. ಮಾತಾಡುವ ಮ್ಯಾನಿಕಿನ್‌ಗಳೂ ಇವೆ. ಆದರೆ ಡಿಸ್ಚಾರ್ಜ್ ಮಾತುಕತೆಗೆ ಅಷ್ಟು ದುಬಾರಿ ಗೊಂಬೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಥವಾಗದಾಗ ಹುಬ್ಬು ಗಂಟಾಗುವ ಮುಖ ಬೇಕು.

ಯಾವ ಅಭ್ಯಾಸವೇ ಆಗಲಿ, ಕಲಿಕೆಯ ಬಹುಪಾಲು ಆಗುವುದು ಆಮೇಲಿನ ಡಿಬ್ರೀಫಿಂಗಿನಲ್ಲಿ, ಅಂದರೆ ಏನಾಯಿತು ಎಂದು ಕೂತು ಮಾತಾಡುವಾಗ. 10 ನಿಮಿಷದ ಅಭ್ಯಾಸಕ್ಕೆ 20 ನಿಮಿಷ ಇಡಿ. ಮೊದಲು ವಿದ್ಯಾರ್ಥಿ ಮಾತಾಡಲಿ, ಆಮೇಲೆ ರೋಗಿಯ ಪಾತ್ರದವರು ‘ನನಗೆ ಈ ಮಾತು ತಿಳಿಯಲಿಲ್ಲ’ ಎಂದು ಹೇಳಲಿ, ಕೊನೆಗೆ ನೀವು. ಮೇಷ್ಟರು ಮೊದಲೇ ಶುರು ಮಾಡಿದರೆ ಅದೂ ಲೆಕ್ಚರ್ ಆಗಿಬಿಡುತ್ತದೆ.

ವಾರ್ಡಿನಲ್ಲಿ ನಿಜವಾದ ರೋಗಿಯ ಜೊತೆ ಕಲಿಯುವುದಕ್ಕೆ ಸಾಟಿ ಇಲ್ಲ ಎಂದು ಹಿರಿಯರು ಹೇಳುತ್ತಾರೆ. ಒಳ್ಳೆಯ ಸ್ಟಾಫ್ ನರ್ಸ್ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರೆ ಆ ಮಾತು ನಿಜ. ಆದರೆ ಪೋಸ್ಟಿಂಗ್ (ವಿದ್ಯಾರ್ಥಿಯ ವಾರ್ಡ್ ಕೆಲಸ) ದಿನ ಡಿಸ್ಚಾರ್ಜ್ ಇರುತ್ತದೋ ಇಲ್ಲವೋ, ಇದ್ದರೂ ಅವಸರದಲ್ಲಿ ಐದು ನಿಮಿಷ ಸಿಗುತ್ತದೋ ಇಲ್ಲವೋ ಹೇಳಲಾಗದು. ಅಮೆರಿಕದ ನ್ಯಾಷನಲ್ ಕೌನ್ಸಿಲ್ ಆಫ್ ಸ್ಟೇಟ್ ಬೋರ್ಡ್ಸ್ ಆಫ್ ನರ್ಸಿಂಗ್ 2014ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಇಲ್ಲಿ ನೆನಪಾಗುತ್ತದೆ. 10 ನರ್ಸಿಂಗ್ ಕೋರ್ಸುಗಳ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಕ್ಲಿನಿಕಲ್ ಗಂಟೆಗಳ (ರೋಗಿಗಳ ಜೊತೆ ಕಲಿಯುವ ಸಮಯದ) ಕಾಲು ಭಾಗ, ಕೆಲವರಿಗೆ ಅರ್ಧ ಭಾಗದ ಬದಲು ಸಿಮ್ಯುಲೇಷನ್ ಕೊಟ್ಟರು. ಕೋರ್ಸಿನ ಕೊನೆಗೆ ಜ್ಞಾನದಲ್ಲೂ ಕ್ಲಿನಿಕಲ್ ಸಾಮರ್ಥ್ಯದಲ್ಲೂ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಸಿಮ್ಯುಲೇಷನ್ ನಡೆಸಿದ ಶಿಕ್ಷಕರಿಗೆ ಅದರಲ್ಲೂ ಡಿಬ್ರೀಫಿಂಗಿನಲ್ಲೂ ತರಬೇತಿ ಆಗಿತ್ತು. ಅದನ್ನು ಮರೆತು ಬರೀ ‘ಅರ್ಧ ಬದಲಿಸಬಹುದು’ ಎಂಬ ಸಾಲು ಎತ್ತಿಕೊಳ್ಳಬಾರದು.

ಹೆಜ್ಜೆ 4: ಅಳತೆಗೋಲನ್ನು ಪಾಠಕ್ಕಿಂತ ಮೊದಲೇ ಮಾಡಿ

ಹೋಲಿಕೆ ಗೆಲ್ಲುವುದೂ ಸೋಲುವುದೂ ಇಲ್ಲೇ. ‘ಈ ತರಗತಿ ಇಷ್ಟವಾಯಿತೇ?’ ಎಂದು ಕೇಳಿದರೆ ರೋಲ್ ಪ್ಲೇಗೆ ಜಾಸ್ತಿ ಓಟು ಬೀಳುತ್ತದೆ, ಏಕೆಂದರೆ ಅದು ಖುಷಿ ಕೊಡುತ್ತದೆ. ‘ನಿಮಗೆ ಆತ್ಮವಿಶ್ವಾಸ ಬಂತೇ?’ ಎಂದರೂ ಹೌದೆನ್ನುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಧೈರ್ಯವಾಗಿ ಮಾತಾಡಿದವರೇ ಕೆಲವೊಮ್ಮೆ ರೋಗಿಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲ.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಹಂತ ಹೇಳಿದರು: ಇಷ್ಟವಾಯಿತೇ, ಕಲಿತರೇ, ಕೆಲಸದ ಜಾಗದಲ್ಲಿ ಮಾಡುತ್ತಾರೆಯೇ, ಅದರಿಂದ ಫಲ ಸಿಕ್ಕಿತೇ. ಬಹುತೇಕ ಪ್ರಾಜೆಕ್ಟುಗಳು ಎರಡನೇ ಹಂತದಲ್ಲೇ, ಅದೂ ಬಹು ಆಯ್ಕೆ ಪ್ರಶ್ನೆಗಳಲ್ಲೇ ನಿಂತುಬಿಡುತ್ತವೆ. ಬರೆಯುವ ಪರೀಕ್ಷೆ ಇಟ್ಟರೆ ಲೆಕ್ಚರೂ ರೋಲ್ ಪ್ಲೇಯೂ ಹತ್ತಿರ ಹತ್ತಿರ ಬಂದುಬಿಡಬಹುದು. ಮಾತಾಡುವ ಕೌಶಲವನ್ನು ಮಾತಾಡಿಸಿಯೇ ನೋಡಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ವಿವರಿಸಿದ ಒಎಸ್‌ಸಿಇ ಪರೀಕ್ಷೆಯ ಮಾದರಿ ಇದಕ್ಕೆ ಸರಿಹೊಂದುತ್ತದೆ. ಅದರಲ್ಲಿ ವಿದ್ಯಾರ್ಥಿ ಸ್ಟೇಷನ್ ಎಂಬ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಒಂದು ಸ್ಟೇಷನ್, 10 ನಿಮಿಷ, ನಟಿಸುವ ರೋಗಿ, ಚೆಕ್‌ಲಿಸ್ಟ್.

ನನ್ನ ಸಲಹೆ, ಆ ಸ್ಟೇಷನ್ನಿನಲ್ಲಿ ಮೂರು ಅಂಕ ತೆಗೆಯಿರಿ.

ಮೊದಲನೆಯದು ಎರಡನೇ ಹೆಜ್ಜೆಯಲ್ಲಿ ಬರೆದ ಕೆಲಸಗಳ ಚೆಕ್‌ಲಿಸ್ಟ್.

ಎರಡನೆಯದು ಅಡಗಿಸಿಟ್ಟ ತಪ್ಪು ನಂಬಿಕೆಯ ಅಂಕ. ನಟಿಸುವ ರೋಗಿಗೆ ಎರಡು ತಪ್ಪು ನಂಬಿಕೆ ಕೊಟ್ಟಿರಿ. ವಿದ್ಯಾರ್ಥಿ ಅದನ್ನು ಹೊರಗೆಳೆಯದಿದ್ದರೆ 0, ಕಂಡುಹಿಡಿದರೆ 1, ಕಂಡುಹಿಡಿದು ಬೇರೆ ರೀತಿಯಲ್ಲಿ ತಿಳಿಸಿ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರೆ 2.

ಮೂರನೆಯದು ರೋಗಿಯ ಅಂಕ. ವಿದ್ಯಾರ್ಥಿ ಹೊರಗೆ ಹೋದ ಮೇಲೆ ನಟಿಸಿದವರನ್ನು ಆರು ಪ್ರಶ್ನೆ ಕೇಳಿ: ತೂಕ ಯಾವಾಗ ನೋಡುತ್ತೀರಿ? ಎಷ್ಟು ಏರಿದರೆ ಫೋನ್ ಮಾಡುತ್ತೀರಿ? ಯಾರಿಗೆ? ಮಾತ್ರೆ ಯಾವಾಗ? ಒಂದು ದಿನ ಮರೆತರೆ? ರಾತ್ರಿ ಉಸಿರು ಕಟ್ಟಿದರೆ? ಈಗಷ್ಟೇ ಕೇಳಿದ್ದರಿಂದ ಮಾತ್ರ ಅವರು ಉತ್ತರಿಸಬೇಕು, ಹಿಂದಿನ ವಿದ್ಯಾರ್ಥಿಯಿಂದ ತಿಳಿದದ್ದನ್ನು ಸೇರಿಸಬಾರದು. ಇದು ಸುಲಭವಲ್ಲ. ಹತ್ತು ಸಲ ಕೇಳಿದ ಮೇಲೆ ನಟಿಸುವವರಿಗೂ ಎಲ್ಲಾ ಬಾಯಿಪಾಠ ಆಗಿರುತ್ತದೆ. ಸಾಧ್ಯವಾದರೆ ಒಂದಷ್ಟು ವಿದ್ಯಾರ್ಥಿಗಳ ಮುಂದೆ ವೈದ್ಯಕೀಯ ಹಿನ್ನೆಲೆ ಇಲ್ಲದ, ವಿಷಯವೇ ಗೊತ್ತಿಲ್ಲದ ಸ್ವಯಂಸೇವಕರನ್ನು ಕೂರಿಸಿ, ಪ್ರತಿಯೊಬ್ಬರಿಗೂ ಒಂದೇ ಸಲ. ಅವರ ಉತ್ತರಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಅಂಕ ಹಾಕುವವರು ಇಬ್ಬರಿರಲಿ. ವಿದ್ಯಾರ್ಥಿ ಯಾವ ಗುಂಪಿನವಳು ಎಂದು ಅವರಿಗೆ ಗೊತ್ತಿರಬಾರದು. ಮೊದಲು ಐದಾರು ವಿಡಿಯೋಗಳಿಗೆ ಬೇರೆ ಬೇರೆ ಕೂತು ಅಂಕ ಹಾಕಿ, ಎಲ್ಲಿ ಹೊಂದಲಿಲ್ಲವೋ ಅಲ್ಲಿ ಚೆಕ್‌ಲಿಸ್ಟಿನ ಮಾತು ತಿದ್ದಿ. ‘ಸರಳ ಭಾಷೆ ಬಳಸಿದಳು’ ಎಂಬ ಸಾಲಿಗೇ ಹೆಚ್ಚು ಜಗಳ. ‘ವಿವರಿಸದೆ ಬಿಟ್ಟ ವೈದ್ಯಕೀಯ ಪದ ಎಷ್ಟು?’ ಎಂದು ಎಣಿಸಿದರೆ ಜಗಳ ನಿಲ್ಲುತ್ತದೆ.

ಹೆಜ್ಜೆ 5: ಹೋಲಿಕೆ ನ್ಯಾಯವಾಗಿರಲಿ

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಸಮಯದ್ದು. ಒಂದು ಗುಂಪಿಗೆ ಒಂದು ಗಂಟೆ ಲೆಕ್ಚರ್, ಇನ್ನೊಂದಕ್ಕೆ ಅದೇ ಲೆಕ್ಚರ್ ಜೊತೆ ಮೂರು ಗಂಟೆ ಸಿಮ್ಯುಲೇಷನ್. ಎರಡನೆಯದು ಗೆದ್ದರೆ ಆಶ್ಚರ್ಯವೇನು? ನೀವು ಹೋಲಿಸಿದ್ದು ಒಂದು ಗಂಟೆಯನ್ನು ನಾಲ್ಕು ಗಂಟೆಯ ಜೊತೆ. ಎರಡೂ ಗುಂಪಿಗೆ ಅದೇ ವಿಷಯ, ಅದೇ ಕೈಪಿಡಿ, ಅಷ್ಟೇ ಹೊತ್ತು ಕೊಡಿ. ಉದಾಹರಣೆಗೆ, ಎಲ್ಲರಿಗೂ 30 ನಿಮಿಷ ಪಾಠ. ಆಮೇಲೆ 90 ನಿಮಿಷ ಒಬ್ಬರಿಗೆ ವಿಡಿಯೋ ಮತ್ತು ಚರ್ಚೆ, ಇನ್ನೊಬ್ಬರಿಗೆ ರೋಲ್ ಪ್ಲೇ.

ಗುಂಪು ಮಾಡುವಾಗ ಚೀಟಿ ಎತ್ತಿ. ‘ಎ’ ಸೆಕ್ಷನ್‌ಗೆ ಒಂದು, ‘ಬಿ’ ಸೆಕ್ಷನ್‌ಗೆ ಒಂದು ಎಂದರೆ ಸೆಕ್ಷನ್‌ಗಳ ನಡುವೆ ಮೊದಲೇ ಇದ್ದ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಚೀಟಿ ಎತ್ತಿದರೆ ಇನ್ನೊಂದು ಕಷ್ಟ: ಹಾಸ್ಟೆಲಿನಲ್ಲಿ ರಾತ್ರಿ ಎಲ್ಲರೂ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಎರಡೂ ಗುಂಪಿನ ತರಗತಿ ಒಂದೇ ದಿನ ನಡೆಸಿ, ಮೊದಲ ಪರೀಕ್ಷೆ ಮರುದಿನವೇ ಇಟ್ಟುಬಿಡಿ. ಪಾಠಕ್ಕೆ ಮುಂಚೆಯೂ ಒಂದು ಅಳತೆ ಇರಲಿ, ಆದರೆ ಬೇರೆ ರೋಗಿಯ ಕಥೆಯೊಂದಿಗೆ.

ಆರರಿಂದ ಎಂಟು ವಾರ ಬಿಟ್ಟು ಮತ್ತೊಮ್ಮೆ ಅಳೆಯಿರಿ. ದಯವಿಟ್ಟು ಇದನ್ನು ಬಿಡಬೇಡಿ. ಮರುದಿನದ ಅಂಕ ನೆನಪಿನದ್ದು, ಎರಡು ತಿಂಗಳ ನಂತರದ್ದು ಅಭ್ಯಾಸದ್ದು.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳ ಒಪ್ಪಿಗೆಯನ್ನು ಅವರಿಗೆ ಇಂಟರ್ನಲ್ ಅಂಕ ಹಾಕದವರು ಕೇಳಲಿ. ಇಲ್ಲದಿದ್ದರೆ ಬೇಡ ಎನ್ನಲು ಅವರಿಗೆ ಧೈರ್ಯ ಎಲ್ಲಿ? ಎಲ್ಲಾ ಅಳತೆ ಮುಗಿದ ಮೇಲೆ, ಚೆನ್ನಾಗಿ ಕೆಲಸ ಮಾಡಿದ ವಿಧಾನವನ್ನು ಇನ್ನೊಂದು ಗುಂಪಿಗೂ ಕೊಡಿ. ಅದು ಅವರ ಹಕ್ಕು.

ಹೆಜ್ಜೆ 6: ಫಲಿತಾಂಶ ಓದುವಾಗ ಖರ್ಚನ್ನೂ ಪಕ್ಕದಲ್ಲಿಡಿ

ಒಟ್ಟು ಸರಾಸರಿ ಜೊತೆಗೆ ಸಾಲು ಸಾಲಾಗಿ ನೋಡಿ. ಮಾಹಿತಿ ಕೊಡುವ ಸಾಲುಗಳಲ್ಲಿ ಎರಡೂ ಗುಂಪು ಸಮ ಇದ್ದು, ತಪ್ಪು ನಂಬಿಕೆ ಹೊರಗೆಳೆಯುವ ಸಾಲಿನಲ್ಲಿ ಮಾತ್ರ ದೂರ ಇರಬಹುದು. ಒಟ್ಟು ಅಂಕದಲ್ಲಿ ಅದು ಮುಚ್ಚಿಹೋಗುತ್ತದೆ. ಗುಂಪಿಗೆ 15 ಜನರಿದ್ದು ‘ವ್ಯತ್ಯಾಸ ಸಿಗಲಿಲ್ಲ’ ಎಂದು ಬಂದರೆ ಎರಡೂ ಸಮ ಎಂದು ಬರೆಯಬೇಡಿ. ಅಷ್ಟು ಕಡಿಮೆ ಜನರಲ್ಲಿ ಇರುವ ವ್ಯತ್ಯಾಸವೂ ಕಾಣದೆ ಹೋಗಬಹುದು. ಎಷ್ಟು ಜನ ಬೇಕು ಎಂದು ಶುರುವಿನಲ್ಲೇ ಸಂಖ್ಯಾಶಾಸ್ತ್ರ ಬಲ್ಲವರನ್ನು ಕೇಳಿಕೊಳ್ಳಿ.

ಇನ್ನು ಶಿಕ್ಷಕರ ಸಮಯ. 30 ವಿದ್ಯಾರ್ಥಿಗಳ ರೋಲ್ ಪ್ಲೇಯನ್ನು ಇಬ್ಬರು ಶಿಕ್ಷಕರು 90 ನಿಮಿಷದಲ್ಲಿ ಮುಗಿಸಿದರೆ ಒಟ್ಟು 3 ಗಂಟೆ, ಅಂದರೆ ವಿದ್ಯಾರ್ಥಿಗೆ 6 ನಿಮಿಷ. ನಟಿಸುವ ರೋಗಿಯ ಜೊತೆ ಒಬ್ಬೊಬ್ಬರಿಗೂ 10 ನಿಮಿಷ, ಡಿಬ್ರೀಫಿಂಗಿಗೆ 20 ನಿಮಿಷ ಎಂದರೆ 15 ಗಂಟೆ, ವಿದ್ಯಾರ್ಥಿಗೆ 30 ನಿಮಿಷ. ಐದು ಪಟ್ಟು! ಅಷ್ಟು ಖರ್ಚಿಗೆ ತಕ್ಕ ಲಾಭ ರೋಗಿಯ ಅಂಕದಲ್ಲಿ ಕಾಣುತ್ತಿದೆಯೇ ಎಂದು ನೋಡಿ.

ರೋಗಿಗಳು ಮತ್ತೆ ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತೇ ಎಂದು ಅಳೆಯುವ ಆಸೆ ಎಲ್ಲರಿಗೂ ಇರುತ್ತದೆ. ಬಾಸ್ಟನ್‌ನಲ್ಲಿ 749 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ರೀ-ಇಂಜಿನಿಯರ್ಡ್ ಡಿಸ್ಚಾರ್ಜ್’ ಅಧ್ಯಯನದಲ್ಲಿ 30 ದಿನಗಳೊಳಗೆ ಆಸ್ಪತ್ರೆಗೆ ಮರಳಿ ಬರುವುದು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಆದರೆ ಅಲ್ಲಿ ಅದಕ್ಕೆಂದೇ ಒಬ್ಬ ನರ್ಸ್ ಇದ್ದರು, ಪ್ರತಿ ರೋಗಿಗೂ ಅವರದೇ ಪುಸ್ತಿಕೆ ಇತ್ತು, ಮನೆಗೆ ಹೋದ ಮೇಲೆ ಫಾರ್ಮಸಿಸ್ಟ್ ಫೋನ್ ಮಾಡುತ್ತಿದ್ದರು. ಅಂಥ ಫಲಕ್ಕೆ ಹತ್ತು ಕೈ ಬೇಕು. ನಿಮ್ಮ ಎರಡು ಗಂಟೆಯ ತರಗತಿಯ ಮೇಲೆ ಆ ಭಾರ ಹೊರಿಸಬೇಡಿ.

ನನಗೆ ಈವರೆಗೆ ಸರಿಯೆನಿಸಿದ ಜೋಡಣೆ ಇದು: ಚಿಕ್ಕ ಪಾಠ, ಕಾರ್ಡ್ ಇಟ್ಟು ಮೂವರ ರೋಲ್ ಪ್ಲೇ, ಪೋಸ್ಟಿಂಗಿಗೆ ಮುಂಚೆ ಪ್ರತಿಯೊಬ್ಬರಿಗೂ ಒಂದೇ ಒಂದು ಸಲ ನಟಿಸುವ ರೋಗಿ, ಆಮೇಲೆ ವಾರ್ಡ್. ನಿಮ್ಮ ಅಳತೆ ಬೇರೆ ಹೇಳಿದರೆ ನಿಮ್ಮ ಅಳತೆಯನ್ನೇ ನಂಬಿ.

ಹೆಜ್ಜೆ 7: ವಾರ್ಡಿಗೆ ಹೋದ ಮೇಲೆ

ತರಗತಿಯಲ್ಲಿ ಬಂದ ಅಭ್ಯಾಸ ವಾರ್ಡಿನ ಅವಸರದಲ್ಲಿ ಬೇಗ ಕರಗುತ್ತದೆ. ಹಾಗಾಗಿ ವಾರ್ಡ್ ಸಿಸ್ಟರ್ ಜೊತೆ ಮೊದಲೇ ಮಾತಾಡಿ, ವಿದ್ಯಾರ್ಥಿಗೆ ಡಿಸ್ಚಾರ್ಜ್ ದಿನಕ್ಕಿಂತ ಮುಂಚೆಯೇ ರೋಗಿಯನ್ನು ಗೊತ್ತು ಮಾಡಿಸಿ. ಒಂದು ದಿನ ತೂಕದ ವಿಷಯ, ಮರುದಿನ ಮಾತ್ರೆಯ ವಿಷಯ ಹೇಳಿದರೆ ಕೊನೆಯ ದಿನ ಟೀಚ್-ಬ್ಯಾಕಿಗೆ ಸಮಯ ಉಳಿಯುತ್ತದೆ.

ವಿದ್ಯಾರ್ಥಿಗಳ ದಾಖಲೆ ಪುಸ್ತಕದಲ್ಲಿ ನಾನು ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ‘ಆರೋಗ್ಯ ಶಿಕ್ಷಣ ನೀಡಲಾಗಿದೆ’ ಎಂಬ ಸಾಲು ತೆಗೆದು ‘ರೋಗಿ ತಿರುಗಿ ಹೇಳಿದ್ದು’ ಎಂಬ ಖಾಲಿ ಜಾಗ ಇಟ್ಟಿದ್ದೇನೆ. ರೋಗಿಯ ಮಾತನ್ನು ಹೇಗಿದೆಯೋ ಹಾಗೆ ಬರೆಯಬೇಕು. ಮೊದಲ ಸಲದ್ದು ಮೇಲೆ, ತಿದ್ದಿ ಹೇಳಿದ ನಂತರದ್ದು ಕೆಳಗೆ: ‘ಕಾಲು ಊದಿದ್ರೆ ತಗೋತೀನಿ.’ ‘ದಿನಾ ಬೆಳಿಗ್ಗೆ ಒಂದು, ಊತ ಇಲ್ದಿದ್ರೂನೂ.’